ಎರಡನೆಯ ಸಲ ಯಾರೂ ಕರೆಯಲಿಲ್ಲ

ಪ್ರಶ್ನೆ: ನಾನು ತಿಪಟೂರಿನವಳು, ವಯಸ್ಸು 23. ಬಿ.ಇ. ಮುಗಿಸಿ, ಈ ಅಕ್ಟೋಬರಿನಿಂದ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಇಂಗ್ಲಿಷ್ ಮಾಧ್ಯಮದ ಸ್ನಾತಕೋತ್ತರ ಪದವಿಗೆ ಸೇರಿದ್ದೇನೆ. ಅಪ್ಪ ಮನೆಯ ಪತ್ರ ಅಡವಿಟ್ಟು ಸಾಲ ತೆಗೆದು ಕಳುಹಿಸಿದ್ದಾರೆ. ಇಲ್ಲಿ ಮೂವರು ಜರ್ಮನ್ ವಿದ್ಯಾರ್ಥಿಗಳೊಂದಿಗೆ ಒಂದೇ ಮನೆಯಲ್ಲಿದ್ದೇನೆ. ಬಂದ ಮೊದಲ ವಾರ ಅವರು ಊಟಕ್ಕೆ ಕರೆದಾಗ ಸಂಕೋಚದಿಂದ ‘ಬೇಡ, ನನ್ನದಾಯಿತು’ ಎಂದೆ. ಆಮೇಲೆ ಕರೆಯಲೇ ಇಲ್ಲ. ಎದುರಾದರೆ ನಗುತ್ತಾರೆ, ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. ಒಂದು ದಿನ ನಮ್ಮ ಬಾಗಿಲಿಗೆ ಯಾರೋ ಹಲಗೆಯೊಂದನ್ನು ನೇತುಹಾಕಿದ್ದರು, ಮೆಟ್ಟಿಲು ಗುಡಿಸಬೇಕಂತೆ. ನಾನು ಬಂದದ್ದಕ್ಕೇ ಹೀಗಾಯಿತೇನೋ ಎಂದು ಆ ರಾತ್ರಿಯೆಲ್ಲ ಅತ್ತೆ. ಪಾಠ ಅರ್ಧ ಅರ್ಥವಾಗುವುದಿಲ್ಲ, ಫೆಬ್ರುವರಿಯಲ್ಲಿ ಪರೀಕ್ಷೆ. ಇಲ್ಲಿರುವ ಭಾರತೀಯರ ಗುಂಪಿನಲ್ಲಿ ಬೆರೆತರೆ ಜರ್ಮನ್ ಬರುವುದೇ ಇಲ್ಲ ಎಂದು ಹಿರಿಯ ವಿದ್ಯಾರ್ಥಿಯೊಬ್ಬರು ಹೇಳಿದ್ದರಿಂದ ಅವರಿಂದಲೂ ದೂರವಿದ್ದೇನೆ. ದಿನವೂ ಸಂಜೆ ಆರಕ್ಕೆ ಬಂದು ಅಮ್ಮನ ಜೊತೆ ಎರಡು ಗಂಟೆ ವಿಡಿಯೊ ಕರೆಯಲ್ಲಿ ‘ಎಲ್ಲ ಚೆನ್ನಾಗಿದೆ’ ಎನ್ನುತ್ತೇನೆ. ಕರೆ ಮುಗಿದ ಮೇಲೆ ಅಳು ಬರುತ್ತದೆ. ಕ್ರಿಸ್‌ಮಸ್ ರಜೆಗೆ ಎಲ್ಲರೂ ಊರಿಗೆ ಹೊರಟಿದ್ದಾರೆ. ಎಲ್ಲ ಬಿಟ್ಟು ಬಂದುಬಿಡಲೇ? ಅಪ್ಪನಿಗೆ ಏನೆಂದು ಹೇಳಲಿ? ಇನ್ನೊಂದು ಸಣ್ಣ ಮಾತು: ನಾನು ಒಗ್ಗರಣೆ ಹಾಕಿದ ದಿನ ಜೊತೆಯವನೊಬ್ಬ ಬಂದು ಕಿಟಕಿ ತೆರೆದ. ಅಂದಿನಿಂದ ಬ್ರೆಡ್ಡು, ಮೊಸರು ತಿಂದುಕೊಂಡಿದ್ದೇನೆ.
— ಹೆಸರು ಬೇಡ, ಸ್ಟುಟ್‌ಗಾರ್ಟ್

ಉತ್ತರ: ನಿಮ್ಮ ಪತ್ರದಲ್ಲಿ ಸಾಲವಿದೆ, ಪರೀಕ್ಷೆಯಿದೆ, ಅಳುವಿದೆ. ಆದರೂ ನಾನು ಮತ್ತೆ ಮತ್ತೆ ಹಿಂದಿರುಗಿ ಓದಿದ್ದು ಆ ಮೊದಲ ವಾರದ ಊಟದ ಕರೆಯನ್ನು.

ನಮ್ಮ ಕಡೆ ಮೊದಲ ಕರೆಗೇ ಎಲೆಯ ಮುಂದೆ ಕುಳಿತುಬಿಟ್ಟರೆ ನಮಗೇ ಮುಜುಗರ. ‘ಬೇಡಿ, ಈಗಷ್ಟೇ ಆಯಿತು’ ಎಂದು ನಾವು ಹೇಳಬೇಕು, ‘ಒಂದೇ ತುತ್ತು’ ಎಂದು ಅವರು ಬಲವಂತ ಮಾಡಬೇಕು, ಮೂರನೆಯ ಸಲಕ್ಕೆ ನಾವು ಒಪ್ಪಬೇಕು. ಇಷ್ಟೂ ಸೇರಿಯೇ ಒಂದು ಉಪಚಾರ. ನೀವು ನಿಮ್ಮ ಪಾಲಿನ ಮೊದಲ ಮಾತನ್ನು ಆಡಿ ಅವರ ಎರಡನೆಯ ಮಾತಿಗಾಗಿ ಕಾದಿರಿ. ಆದರೆ ಜರ್ಮನ್ನರ ರೂಢಿಯಲ್ಲಿ ಎರಡನೆಯ ಮಾತೇ ಇಲ್ಲ. ಬೇಡವೆಂದವರನ್ನು ಮತ್ತೆ ಕೇಳುವುದು ಅಲ್ಲಿ ಪೀಡಿಸುವುದಕ್ಕೆ ಸಮ. ನಿಮ್ಮ ‘ಬೇಡ’ವನ್ನು ನಂಬಿ ಸುಮ್ಮನಾದದ್ದೇ ಅವರು ನಿಮಗೆ ತೋರಿದ ಮರ್ಯಾದೆ. ನೀವು ತಿರಸ್ಕಾರವೆಂದು ಎಣಿಸಿಕೊಂಡು ಎರಡು ತಿಂಗಳು ಕೊರಗಿದ ಮೌನವನ್ನು ಅವರ ಕಡೆಯಿಂದ ನೋಡಿದರೆ, ‘ಕರೆದೆವು, ಒಲ್ಲೆ ಎಂದಳು, ಒಬ್ಬಳೇ ಇರುವುದು ಅವಳಿಗೆ ಇಷ್ಟವಿರಬೇಕು’ ಎಂಬಷ್ಟೇ ಕಾಣುತ್ತದೆ. ಮುಚ್ಚಿದ ಬಾಗಿಲಿನ ವಿಷಯವೂ ಹೀಗೆಯೇ. ಅಲ್ಲಿ ಬಾಗಿಲು ಮುಚ್ಚಿಕೊಂಡಿರುವುದು ಅಭ್ಯಾಸ, ತಟ್ಟಿದರೆ ತೆರೆಯುತ್ತಾರೆ.

ಇನ್ನು ಆ ಹಲಗೆ. ಸ್ಟುಟ್‌ಗಾರ್ಟ್ ಇರುವ ಶ್ವಾಬೆನ್ ಸೀಮೆಯಲ್ಲಿ ‘ಕೇರ್‌ವೋಖ’ ಎಂಬ ಹಳೆಯ ಪದ್ಧತಿಯಿದೆ. ಒಂದೇ ಕಟ್ಟಡದಲ್ಲಿರುವವರು ವಾರಕ್ಕೊಬ್ಬರಂತೆ ಪಾಳಿಯ ಮೇಲೆ ಮೆಟ್ಟಿಲು, ಕಾರಿಡಾರು, ಮನೆಯ ಮುಂದಿನ ಕಾಲುದಾರಿಯನ್ನು ಗುಡಿಸುತ್ತಾರೆ. ಪಾಳಿ ಮುಗಿಸಿದವರು ಹಲಗೆಯನ್ನು ಮುಂದಿನ ಮನೆಯ ಬಾಗಿಲಿಗೆ ತಗುಲಿಸಿ ಹೋಗುತ್ತಾರೆ. ಆ ಸೀಮೆಯ ಹುಚ್ಚು ಶುಚಿತ್ವವನ್ನು ಉಳಿದ ಜರ್ಮನ್ನರೇ ಗೇಲಿ ಮಾಡುವುದುಂಟು. ಯಾರೂ ನಿಮ್ಮನ್ನು ಬೈದಿಲ್ಲ, ಆ ಕಟ್ಟಡದ ಒಕ್ಕಲೆಂದು ಲೆಕ್ಕಕ್ಕೆ ಹಿಡಿದಿದ್ದಾರೆ ಅಷ್ಟೆ. ಗುಡಿಸಿ, ಹಲಗೆಯನ್ನು ಪಕ್ಕದ ಬಾಗಿಲಿಗೆ ದಾಟಿಸಿ.

ಈಗ ಈ ವಾರ ಮಾಡಬೇಕಾದ ಕೆಲಸ. ಮೂವರಲ್ಲಿ ಯಾರ ಮುಖ ನಿಮಗೆ ಸ್ವಲ್ಪ ಹತ್ತಿರವೆನಿಸುತ್ತದೆಯೋ ಅವರ ಬಾಗಿಲು ತಟ್ಟಿ, ನಡೆದದ್ದನ್ನು ನಡೆದಂತೆಯೇ ಹೇಳಿ: ‘ಆ ದಿನ ನನಗೆ ನಿಮ್ಮ ಜೊತೆ ಊಟ ಮಾಡುವ ಮನಸ್ಸಿತ್ತು. ನಮ್ಮ ಊರಿನಲ್ಲಿ ಮೊದಲ ಸಲ ಬೇಡವೆನ್ನುವುದು ವಾಡಿಕೆ. ನೀವು ರಜೆಗೆ ಹೊರಡುವ ಮುಂಚೆ ಒಂದು ದಿನ ನಾನು ಅಡುಗೆ ಮಾಡುತ್ತೇನೆ.’ ‘ಯಾವಾಗಲಾದರೂ ಬನ್ನಿ’ ಎಂದು ಬಿಡಬೇಡಿ, ಅದನ್ನು ಅಲ್ಲಿ ಯಾರೂ ಕರೆಯೆಂದು ಎಣಿಸುವುದಿಲ್ಲ. ಗುರುವಾರ ಸಂಜೆ 7 ಗಂಟೆ ಎಂದು ದಿನ, ಹೊತ್ತು ಗೊತ್ತು ಮಾಡಿ. ಚಿತ್ರಾನ್ನ ಸಾಕು, ಹಬ್ಬದಡುಗೆ ಬೇಕಿಲ್ಲ. ತರಗತಿ ಇಂಗ್ಲಿಷಿನಲ್ಲಿ ನಡೆದರೂ ಅಡುಗೆಮನೆಯ ಮಾತು ಜರ್ಮನ್ನಿನಲ್ಲೇ ನಡೆಯುತ್ತದೆ. ಆದ್ದರಿಂದ ವಿಶ್ವವಿದ್ಯಾಲಯದ ಭಾಷಾ ಕೇಂದ್ರದ ಆರಂಭಿಕ ತರಗತಿಗೆ ಸೇರಿಕೊಳ್ಳಿ. ಜರ್ಮನ್ನಿನ ‘ಝೀ’ ಮತ್ತು ‘ದು’ಗಳ ಭೇದವನ್ನು ನಿಮಗೆ ಯಾರೂ ವಿವರಿಸಬೇಕಿಲ್ಲ. ಪ್ರಾಧ್ಯಾಪಕರಿಗೆ ನೀವು, ಜೊತೆಯವರಿಗೆ ನೀನು. ತಿಪಟೂರಿನಲ್ಲಿ ಕಲಿತದ್ದೇ ಅಲ್ಲಿಗೂ ಸಲ್ಲುತ್ತದೆ.

ಊಟದ ವಿಷಯಕ್ಕೆ ಇಷ್ಟು ಜಾಗ ಕೊಟ್ಟದ್ದಕ್ಕೆ ಕಾರಣವಿದೆ. ನೀವು ಅಮ್ಮನ ಜೊತೆ ದಿನವೂ ಮಾಡುತ್ತಿರುವುದೂ ಇದನ್ನೇ ಅಲ್ಲವೇ? ಬಾಯಲ್ಲಿ ‘ಚೆನ್ನಾಗಿದೆ’ ಎನ್ನುತ್ತೀರಿ, ಆಕೆ ಮುಖ ನೋಡಿ ತಾನಾಗಿ ತಿಳಿದುಕೊಂಡು ‘ನಿಜ ಹೇಳು ಮಗಳೇ’ ಎಂದು ಎರಡನೆಯ ಸಲ ಕೇಳಲಿ ಎಂದು ಒಳಗೊಳಗೇ ಕಾಯುತ್ತೀರಿ. ಆಕೆಯೋ, ಮಗಳು ಸುಖವಾಗಿದ್ದಾಳೆಂದು ನಂಬಿ ನೆರೆಹೊರೆಗೆಲ್ಲ ಹೇಳಿಕೊಂಡು ಬರುತ್ತಿರಬಹುದು. ಅಥವಾ ಎಲ್ಲವೂ ಗೊತ್ತಿದ್ದು, ಕೇಳಿದರೆ ನೀವು ಅತ್ತುಬಿಡುತ್ತೀರೆಂದು ಹೆದರಿ ಸುಮ್ಮನಿರಬಹುದು. ಎರಡರಲ್ಲಿ ಯಾವುದು ನಿಜವಾದರೂ ಆ ಎರಡು ಗಂಟೆಯಲ್ಲಿ ನೀವಿಬ್ಬರೂ ಒಬ್ಬರಿಗೊಬ್ಬರು ಸಿಗುತ್ತಿಲ್ಲ.

ಗಡಿಯಾರದ ಲೆಕ್ಕವನ್ನೂ ನೋಡಿ. ಚಳಿಗಾಲದಲ್ಲಿ ನಿಮಗೂ ತಿಪಟೂರಿಗೂ ನಾಲ್ಕೂವರೆ ಗಂಟೆಯ ಅಂತರ. ಸ್ಟುಟ್‌ಗಾರ್ಟ್‌ನಲ್ಲಿ ಡಿಸೆಂಬರಿನಲ್ಲಿ ನಾಲ್ಕೂವರೆಯ ಹೊತ್ತಿಗೆಲ್ಲ ಸೂರ್ಯ ಮುಳುಗಿರುತ್ತಾನೆ. ಕತ್ತಲೆಯಲ್ಲಿ ಮನೆಗೆ ಬಂದು ಆರಕ್ಕೆ ನೀವು ಕರೆ ಮಾಡಿದಾಗ ಅಮ್ಮನಿಗೆ ರಾತ್ರಿ ಹತ್ತೂವರೆ, ಮಾತು ಮುಗಿಯುವಾಗ ಹನ್ನೆರಡೂವರೆ. ಆಕೆ ದಿನವೂ ನಿದ್ದೆಗೆಡುತ್ತಿದ್ದಾರೆ. ನೀವಾದರೋ, ಜೊತೆಯವರು ಅಡುಗೆಮನೆಯಲ್ಲಿ ಸೇರುವ ಆರರಿಂದ ಎಂಟರ ಹೊತ್ತಿನಲ್ಲಿ ಕೋಣೆಯ ಬಾಗಿಲು ಹಾಕಿಕೊಂಡು ಫೋನಿನ ಮುಂದಿರುತ್ತೀರಿ. ಹೊರಗಿನವರಿಗೆ ಮುಚ್ಚಿದಂತೆ ಕಾಣುವುದು ನಿಮ್ಮ ಬಾಗಿಲೇ. ಕರೆಯನ್ನು ಬೆಳಿಗ್ಗೆ ಏಳೂವರೆಗೆ ಬದಲಿಸಿ, ಆಗ ಅಲ್ಲಿ ಮಧ್ಯಾಹ್ನ ಹನ್ನೆರಡು. ಹದಿನೈದು ನಿಮಿಷ ಸಾಕು. ಅಂಗಡಿಗಳೆಲ್ಲ ಮುಚ್ಚಿ ಊರೇ ಬಿಕೋ ಎನ್ನುವ ಭಾನುವಾರಕ್ಕೆ ದೀರ್ಘ ಮಾತುಕತೆಯನ್ನು ಇಟ್ಟುಕೊಳ್ಳಿ.

ಅಪ್ಪನಿಗೆ ಹೇಳಲೇಬೇಕು, ಅಳುತ್ತಲೂ ಅಲ್ಲ, ಒಂದೇ ಉಸಿರಿನಲ್ಲೂ ಅಲ್ಲ. ‘ಅಪ್ಪ, ಇಷ್ಟು ದಿನ ಚೆನ್ನಾಗಿದ್ದೇನೆ ಎಂದದ್ದು ಪೂರ್ತಿ ನಿಜವಲ್ಲ. ಹೊಂದಿಕೊಳ್ಳುವುದು ಕಷ್ಟವಾಗುತ್ತಿದೆ, ಪಾಠವೂ ಕಷ್ಟವಿದೆ. ಫೆಬ್ರುವರಿಯ ಪರೀಕ್ಷೆಯವರೆಗೆ ಪ್ರಯತ್ನ ಮಾಡುತ್ತೇನೆ, ಆಮೇಲೆ ನಿಮ್ಮ ಜೊತೆ ಕೂತು ಯೋಚಿಸುತ್ತೇನೆ’ ಎಂದರೆ ಸಾಕು. ಅವರು ಸಿಟ್ಟಾಗಬಹುದು. ಮನೆಯ ಪತ್ರ ಬ್ಯಾಂಕಿನಲ್ಲಿರುವ ಮನುಷ್ಯನ ಸಿಟ್ಟಿನೊಳಗೆ ಹೆಚ್ಚಾಗಿ ಇರುವುದು ಭಯವೇ, ಭಯಕ್ಕೆ ಸಮಾಧಾನದ ಮಾತಿಗಿಂತ ಲೆಕ್ಕವೇ ಒಳ್ಳೆಯ ಮದ್ದು. ವೀಸಾಕ್ಕಾಗಿ, ತಿಂಗಳಿಗೆ ಗೊತ್ತಾದಷ್ಟೇ ಹಣ ಬಿಡುವ ‘ಬ್ಲಾಕ್ಡ್ ಅಕೌಂಟ್’ ಎಂಬ ಖಾತೆಯಲ್ಲಿ ಇಟ್ಟ 11,904 ಯೂರೊದಿಂದ ತಿಂಗಳಿಗೆ 992 ಯೂರೊ ನಿಮ್ಮ ಕೈಗೆ ಬರುತ್ತಿದೆ, ಅದರಲ್ಲಿ ಬಾಡಿಗೆ, ವಿಮೆ, ಊಟಕ್ಕೆ ಎಷ್ಟೆಷ್ಟು ಹೋಗುತ್ತಿದೆ ಎಂಬುದನ್ನು ಬರೆದು ಕಳುಹಿಸಿ. ಜೊತೆಗೆ ಅವರಿಗೂ ಒಂದು ಕೆಲಸ ಕೊಡಿ: ಬ್ಯಾಂಕಿಗೆ ಹೋಗಿ, ಕಂತು ಕೋರ್ಸ್ ಮುಗಿದ ಎಷ್ಟು ತಿಂಗಳ ನಂತರ ಶುರುವಾಗುತ್ತದೆ, ಅರ್ಧದಲ್ಲಿ ಬಿಟ್ಟರೆ ಆ ಬಿಡುವು ಏನಾಗುತ್ತದೆ ಎಂದು ಕೇಳಿಕೊಂಡು ಬರಲಿ. ದೂರದಲ್ಲಿರುವ ತಂದೆಗೆ ಮಗಳ ಕಷ್ಟ ತಿಳಿಯುವುದಕ್ಕಿಂತ, ತಿಳಿದೂ ಕೈಕಟ್ಟಿ ಕೂರುವುದೇ ಹೆಚ್ಚು ಹಿಂಸೆ.

ಬಿಟ್ಟು ಬರಲೇ ಎಂದು ಕೇಳಿದ್ದೀರಿ. ಡಿಸೆಂಬರಿನಲ್ಲಿ ಆ ತೀರ್ಮಾನ ಬೇಡ. ವರ್ಷದಲ್ಲೇ ಅತಿ ಹೆಚ್ಚು ಕತ್ತಲೆಯ ತಿಂಗಳು, ಎಲ್ಲರೂ ಊರಿಗೆ ಹೋಗುವ ರಜೆ, ಒಂದೂ ಪರೀಕ್ಷೆ ಬರೆಯದೆ ಬೆಳೆದ ಹೆದರಿಕೆ — ಈ ಮೂರೂ ಒಟ್ಟಿಗೆ ಕೂಡಿದಾಗ ಯಾವ ಊರೂ ವಾಸಯೋಗ್ಯವಾಗಿ ಕಾಣುವುದಿಲ್ಲ. ಹಿಂದಿರುಗುವುದು ಅವಮಾನವೆಂದು ನಾನು ಹೇಳುತ್ತಿಲ್ಲ. ಫಲಿತಾಂಶ ಕೈಗೆ ಬಂದ ಮೇಲೂ ಇದೇ ಮನಸ್ಸಿದ್ದರೆ ಧೈರ್ಯವಾಗಿ ಬನ್ನಿ. ಒಂದು ಎಚ್ಚರಿಕೆ: ಮುಂದಿನ ಸೆಮಿಸ್ಟರಿನ ಮರುನೋಂದಣಿ ಪರೀಕ್ಷೆಯ ಆಸುಪಾಸಿನಲ್ಲೇ ಬರುತ್ತದೆ. ನಿಮ್ಮ ರಾಜ್ಯವಾದ ಬಾಡೆನ್-ವ್ಯುರ್ಟೆಂಬರ್ಗ್ ಯುರೋಪಿಯನ್ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಂದ ಸೆಮಿಸ್ಟರಿಗೆ 1,500 ಯೂರೊ ಶುಲ್ಕ ಪಡೆಯುತ್ತದೆ. ಬೇಸರದಲ್ಲಿ ಆ ಗಡುವನ್ನು ಮರೆತುಬಿಟ್ಟರೆ, ನೀವು ತೆಗೆದುಕೊಳ್ಳಬೇಕಾದ ತೀರ್ಮಾನವನ್ನು ಕಚೇರಿ ತೆಗೆದುಕೊಂಡುಬಿಡುತ್ತದೆ. ಒಂದು ಸೆಮಿಸ್ಟರ್ ರಜೆ ಪಡೆಯುವ ಯೋಚನೆಯಿದ್ದರೆ ಅದು ನಿವಾಸ ಪರವಾನಗಿಯನ್ನು ತಟ್ಟಬಹುದಾದ್ದರಿಂದ, ಮೊದಲು ಅಂತಾರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯಲ್ಲಿ ವಿಚಾರಿಸಿ.

ಪಾಠದ ಕಷ್ಟ ನಿಮ್ಮೊಬ್ಬರದಲ್ಲ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಅರ್ಧ ಅಂಕ ಆಂತರಿಕ ಪರೀಕ್ಷೆಗಳಿಂದಲೇ ಬಂದಿರುತ್ತದೆ, ಹಾಜರಿ ಕಡಿಮೆಯಾದರೆ ಮನೆಗೆ ಫೋನು ಬರುತ್ತದೆ. ಅಲ್ಲಿ ಬಹುಪಾಲು ವಿಷಯಗಳಿಗೆ ಕೊನೆಯ ಒಂದೇ ಪರೀಕ್ಷೆ. ನೀವು ತಿಂಗಳುಗಟ್ಟಲೆ ತರಗತಿಗೆ ಬಾರದಿದ್ದರೂ ಯಾರೂ ಕೇಳಲಾರರು. ಪರೀಕ್ಷೆಗೆ ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕು, ಅನುತ್ತೀರ್ಣರಾದರೆ ಮತ್ತೆ ಬರೆಯಲು ಇಂತಿಷ್ಟೇ ಅವಕಾಶ. ನಿಮ್ಮ ಕೋರ್ಸಿನ ಪರೀಕ್ಷಾ ನಿಯಮಾವಳಿಯನ್ನು ಇಂದೇ ಓದಿ, ಹೆಸರು ಹಿಂತೆಗೆದುಕೊಳ್ಳುವ ಕೊನೆಯ ದಿನವನ್ನು ಗುರುತು ಹಾಕಿಕೊಳ್ಳಿ. ನನ್ನ ಸಲಹೆಯೆಂದರೆ, ನಿಯಮ ಒಪ್ಪುವುದಾದರೆ ಈ ಸಲ ಎಲ್ಲ ವಿಷಯಗಳಿಗೂ ಕೂರಬೇಡಿ, ಮೂರನ್ನು ಆರಿಸಿಕೊಂಡು ಗಟ್ಟಿಯಾಗಿ ಓದಿ. ಅಲ್ಲಿ 1.0 ಅತ್ಯುತ್ತಮ ಅಂಕ, 4.0 ಬಂದರೂ ಉತ್ತೀರ್ಣ. ಊರಿನಲ್ಲಿ ಮೊದಲ ಸಾಲಿನವರಾಗಿದ್ದ ಎಷ್ಟೋ ಮಂದಿ ಅಲ್ಲಿ 2.7 ನೋಡಿ ಕುಸಿಯುತ್ತಾರೆ, ಕುಸಿಯಬೇಕಾದ ಅಂಕ ಅದಲ್ಲ. ಹಳೆಯ ಪ್ರಶ್ನೆಪತ್ರಿಕೆಗಳು ವಿಭಾಗದ ವಿದ್ಯಾರ್ಥಿ ಸಂಘವಾದ ‘ಫಾಖ್‌ಶಾಫ್ಟ್’ನಲ್ಲಿ ಸಿಗುವುದುಂಟು. ಪ್ರಾಧ್ಯಾಪಕರ ‘ಷ್ಪ್ರೆಖ್‌ಷ್ಟುಂಡ’ ಎಂಬುದು ವಿದ್ಯಾರ್ಥಿಗಳ ಭೇಟಿಗೆಂದೇ ಇಟ್ಟ ಹೊತ್ತು, ಅದು ಅವರ ಉಪಕಾರವಲ್ಲ. ಎಲ್ಲಿ ಅರ್ಥವಾಗುತ್ತಿಲ್ಲವೆಂದು ಮೂರು ಸಾಲಿನ ಇಮೇಲ್ ಬರೆದು ಹೋಗಿ. ಅಲ್ಲಿಯೂ ಅಷ್ಟೆ, ನೀವು ಹೇಳದೆ ಯಾರೂ ಊಹಿಸುವುದಿಲ್ಲ. ದುಡಿಮೆಯ ಯೋಚನೆ ಬಂದರೆ, ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಲು ಕಾನೂನು ಬಿಡುತ್ತದೆ, ಆದರೆ ಅದು ಮಾರ್ಚಿನ ನಂತರದ ಮಾತಾಗಲಿ.

ಭಾರತೀಯರಿಂದ ದೂರವಿರಿ ಎಂಬ ಸಲಹೆಯನ್ನು ನಾನು ಒಪ್ಪಲಾರೆ. 2022-23ರಿಂದೀಚೆಗೆ ಜರ್ಮನಿಯ ವಿದೇಶಿ ವಿದ್ಯಾರ್ಥಿಗಳಲ್ಲಿ ಚೀನೀಯರನ್ನು ಹಿಂದಿಕ್ಕಿ ಭಾರತೀಯರದೇ ದೊಡ್ಡ ಗುಂಪು. ಅವರಲ್ಲಿ ಕನ್ನಡ ಬಲ್ಲವರೊಬ್ಬರನ್ನು ಹುಡುಕಿಕೊಂಡು ವಾರಕ್ಕೊಮ್ಮೆ ಬಾಯ್ತುಂಬ ಹರಟಿದರೆ ಜರ್ಮನ್ ಕಲಿಕೆಗೆ ಯಾವ ಧಕ್ಕೆಯೂ ಇಲ್ಲ. ಎರಡು ತಿಂಗಳು ಯಾರೊಂದಿಗೂ ಮಾತಾಡದೆಯೂ ನಿಮಗೆ ಜರ್ಮನ್ ಬಂದಿಲ್ಲವಲ್ಲ!

ರಜೆಯ ದಿನಗಳಲ್ಲಿ ಮಧ್ಯಾಹ್ನ ಬೆಳಕಿರುವಾಗ ಹೊರಗೆ ನಡೆಯಿರಿ. ರೈಲಿನಲ್ಲಿ ಒಂದು ಗಂಟೆಯ ದಾರಿಯಲ್ಲಿ ಟ್ಯೂಬಿಂಗನ್ ಇದೆ. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಓದಿದ್ದು ಅಲ್ಲಿ, 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟ ಫರ್ಡಿನಂಡ್ ಕಿಟ್ಟೆಲ್ 1903ರಲ್ಲಿ ತೀರಿಕೊಂಡದ್ದೂ ಅಲ್ಲೇ. ಆ ಬೀದಿಗಳಲ್ಲಿ ಕನ್ನಡವನ್ನು ತಲೆಯಲ್ಲಿಟ್ಟುಕೊಂಡು ನಡೆದವರಲ್ಲಿ ನೀವು ಮೊದಲಿಗರಲ್ಲ.

ಇಷ್ಟಾದರೂ ಅಳು ನಿಲ್ಲದೆ, ಎರಡು ವಾರ ನಿದ್ದೆ, ಹಸಿವೆಗಳು ಕೆಟ್ಟರೆ ಅದನ್ನು ಬರಿಯ ಊರಿನ ನೆನಪೆಂದು ತಳ್ಳಿಹಾಕಬೇಡಿ. ಕ್ಯಾಂಟೀನು, ಹಾಸ್ಟೆಲುಗಳನ್ನು ನಡೆಸುವ ‘ಷ್ಟುಡೀರೆಂಡನ್‌ವೆರ್ಕ್’ ಸಂಸ್ಥೆಯಲ್ಲಿ ಆಪ್ತಸಮಾಲೋಚಕರಿರುತ್ತಾರೆ. ರಜೆ ಶುರುವಾಗುವ ಮುಂಚೆಯೇ ಭೇಟಿಯ ದಿನ ಕೇಳಿಕೊಳ್ಳಿ. ಬದುಕೇ ಬೇಡವೆಂಬ ಯೋಚನೆ ಸುಳಿದರೆ ದಿನ ಕಾಯದೆ 112ಕ್ಕೆ ಕರೆ ಮಾಡಿ, ಜೊತೆಯವರಲ್ಲಿ ಒಬ್ಬರನ್ನಾದರೂ ಎಬ್ಬಿಸಿ.

ಕೊನೆಗೆ ಆ ಕಿಟಕಿಯ ಮಾತು. ಚಳಿ ನುಸುಳದಂತೆ ಬಿಗಿಯಾಗಿ ಮುಚ್ಚಿದ ಜರ್ಮನ್ ಮನೆಗಳಲ್ಲಿ ಗಾಳಿಯಾಡದಿದ್ದರೆ ಗೋಡೆಗೆ ತೇವ ಹತ್ತಿ ಬೂಷ್ಟು ಕಟ್ಟುತ್ತದೆ. ಆದ್ದರಿಂದ ದಿನಕ್ಕೆ ಎರಡು ಮೂರು ಸಲ ಕಿಟಕಿಯನ್ನು ಪೂರ್ತಿ ತೆರೆಯುವುದನ್ನು ‘ಲ್ಯುಫ್ಟನ್’ ಎಂದು ಕರೆದು ಅವರು ವ್ರತದಂತೆ ಪಾಲಿಸುತ್ತಾರೆ, ಬಾಡಿಗೆಯ ಕರಾರಿನಲ್ಲೇ ಅದನ್ನು ಬರೆದಿರುವುದುಂಟು. ಬರಿಯ ನೀರು ಕುದಿಸಿದರೂ ತೆರೆಯುತ್ತಾರೆ. ಆ ಹುಡುಗನಿಗೆ ನಿಮ್ಮ ಇಂಗಿನ ವಾಸನೆ ಹಿಡಿಸಲಿಲ್ಲವೋ, ಅಥವಾ ಅದು ಅವನ ದಿನದ ಅಭ್ಯಾಸವೋ ನನಗೆ ತಿಳಿಯದು. ಗುರುವಾರ ಊಟಕ್ಕೆ ಬಂದಾಗ ಅವನನ್ನೇ ಕೇಳಿ. ಅಲ್ಲಿಯವರೆಗೆ ಬ್ರೆಡ್ಡು, ಮೊಸರು ಸಾಕು ಮಾಡಿ. ನಾಳೆ ಸಾರಿಗೆ ಒಗ್ಗರಣೆ ಹಾಕುವ ಮುಂಚೆ ಕಿಟಕಿಯನ್ನು ನೀವೇ ತೆರೆಯಿರಿ.