ತೊಗರಿ ಬೇರಿನ ರೈಜೋಬಿಯಂಗೆ ಕೆಲವರು ಬ್ರಾಡಿರೈಜೋಬಿಯಂ ಅನ್ನುವುದು ಯಾಕೆ?

ಹಳೇ ಗುಂಪನ್ನು ಒಡೆದು ಎರಡು ಮಾಡಿದ್ದಾರೆ, ಅದಕ್ಕೆ. ಗ್ರೀಕ್‌ನಲ್ಲಿ ರೈಜಾ ಅಂದರೆ ಬೇರು, ಬಯೋಸ್ ಅಂದರೆ ಬದುಕು. ಬೇಳೆಕಾಳಿನ ಗಿಡಗಳ ಬೇರಲ್ಲಿ ಗಂಟು ಕಟ್ಟಿ, ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಬ್ಯಾಕ್ಟೀರಿಯಾಗಳಿಗೆ ಮೊದಲು ರೈಜೋಬಿಯಂ ಎಂಬ ಒಂದೇ ಹೆಸರಿತ್ತು. ಅವುಗಳಲ್ಲಿ ನಿಧಾನವಾಗಿ ಬೆಳೆಯುವಂಥವನ್ನು 1982ರಲ್ಲಿ ಬೇರೆ ಕುಲಕ್ಕೆ ಸೇರಿಸಿದರು. ಬ್ರಾಡಿ ಅಂದರೆ ನಿಧಾನ. ನಮ್ಮ ಕಲಬುರಗಿ ಕಡೆಯ ತೊಗರಿಯಲ್ಲಿ ಸಾಮಾನ್ಯವಾಗಿ ಗಂಟು ಕಟ್ಟುವುದು ಈ ನಿಧಾನದವೇ. ಆದರೂ ಬಾಯಲ್ಲಿ ಹಳೇ ಹೆಸರೇ ಉಳಿದಿದೆ, ರೂಢಿ ಅಲ್ವಾ.

ಬ್ಯಾಕ್ಟೀರಿಯಾಗಳ ನಂಟನ್ನು ಬರೀ ಆಕಾರ ನೋಡಿ ಹೇಳಲಾಗುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ಇವೆರಡೂ ಸಣ್ಣ ಕಡ್ಡಿಗಳೇ. ಅದಕ್ಕಾಗಿ ಈಗ ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇರುವ, ಬಹಳ ನಿಧಾನಕ್ಕೆ ಬದಲಾಗುವ 16ಎಸ್ ಎಂಬ ಜೀನನ್ನು ಓದಿ ಹೋಲಿಸುತ್ತಾರೆ. ವ್ಯತ್ಯಾಸ ಜಾಸ್ತಿ ಇದ್ದಷ್ಟೂ ನಂಟು ದೂರ. ಗುಂಪು ಬದಲಾದರೆ ಹೆಸರಿನ ಮೊದಲ ಪದವೂ ಬದಲಾಗುತ್ತದೆ, ಯಾಕೆಂದರೆ ಅದು ಕುಲದ ಹೆಸರು, ನಮ್ಮ ಮನೆತನದ ಹೆಸರಿನ ಹಾಗೆ. ಎರಡನೆಯ ಪದ ಪ್ರಭೇದದ್ದು, ಅಂದರೆ ಆ ಕುಲದೊಳಗಿನ ಒಂದು ಬಗೆಯದ್ದು.

ಶಿಲೀಂಧ್ರಗಳಿಗೂ ಹೀಗೇ ಎರಡು ಪದ. ತೊಗರಿಗೆ ನೆಟೆ ರೋಗ ತರುವುದು ಫ್ಯುಸೇರಿಯಂ ಉಡಂ. ಲ್ಯಾಟಿನ್‌ನಲ್ಲಿ ಫ್ಯೂಸಸ್ ಅಂದರೆ ನೂಲುವ ಕದಿರು. ಅದರ ಬೀಜಕಣಗಳು ಕದಿರಿನ ಹಾಗೆ ಎರಡೂ ತುದಿಗೆ ಸಪೂರ.