ನೋವೇ ಇರಲಿಲ್ಲವಲ್ಲ!

ಸಿಂಧನೂರು ತಾಲ್ಲೂಕಿನ ಅಂಗನವಾಡಿ ಕಾರ್ಯಕರ್ತೆಯೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಮುಖ್ಯ ಭಾಗ ಇಷ್ಟು:

"ನನ್ನ ಅಣ್ಣನಿಗೆ ನಲವತ್ತೇಳು ವರ್ಷ. ನಾಲ್ಕು ಎಕರೆ ಭತ್ತ ಬೆಳೆಯುತ್ತಾನೆ. ಒಂದು ದಿನವೂ ಹಾಸಿಗೆ ಹಿಡಿದವನಲ್ಲ. ಯುಗಾದಿ ಕಳೆದ ಮೇಲೆ ವಾಂತಿ ಶುರುವಾಯಿತು, ಕಾಲು ಊದಿದವು. ರಾಯಚೂರಿಗೆ ಕರೆದುಕೊಂಡು ಹೋದರೆ ಎರಡೂ ಕಿಡ್ನಿ ಹೋಗಿವೆ ಎಂದರು. ಈಗ ವಾರಕ್ಕೆ ಎರಡು ಸಲ ಡಯಾಲಿಸಿಸ್. ಆರು ವರ್ಷದ ಹಿಂದೆ ಬಿಪಿ ಇದೆ ಎಂದಿದ್ದರು. ಒಂದು ವರ್ಷ ಮಾತ್ರೆ ನುಂಗಿ, ಆರಾಮ ಇದ್ದೇನೆ ಎಂದು ಬಿಟ್ಟಿದ್ದ. ಸೊಂಟ ನೋವಿನ ಮಾತ್ರೆಯನ್ನು ಮಾತ್ರ ಮೆಡಿಕಲ್ ಅಂಗಡಿಯಿಂದ ತಪ್ಪದೆ ತರುತ್ತಿದ್ದ. ಕಿಡ್ನಿ ಇರುವ ಜಾಗದಲ್ಲಿ ನೋವೇ ಇರಲಿಲ್ಲವಲ್ಲ, ಅದು ಕೆಟ್ಟಿದ್ದು ಹೇಗೆ? ಉಳಿದವರು ನಾವು ಏನು ಮಾಡಬೇಕು? ಊರಿಗೆ ಬಂದ ಶಿಬಿರದವರು ಕೈಗೆ ಲೋಹದ ಕಡ್ಡಿ ಕೊಟ್ಟು ಎಲ್ಲ ಅಂಗಗಳ ವರದಿ ತೆಗೆಯುತ್ತಾರಂತೆ, ಮಾಡಿಸಬಹುದೇ? ಕಿಡ್ನಿ ಶುದ್ಧಿ ಮಾಡುವ ಪುಡಿಯ ಜಾಹೀರಾತನ್ನು ನಿಮ್ಮ ಪತ್ರಿಕೆಯಲ್ಲೇ ನೋಡಿದ್ದೆ, ಅದನ್ನು ಕೊಡಬಹುದೇ? ನನ್ನದೊಂದು ಕಿಡ್ನಿ ಅಣ್ಣನಿಗೆ ಕೊಡಬೇಕೆಂದಿದ್ದೇನೆ, ಆಗುತ್ತದೆಯೇ?"

ತಂಗಿ, ಪುಡಿಯ ಮಾತನ್ನು ಮೊದಲು ಮುಗಿಸುತ್ತೇನೆ. ಅಲ್ಲಿ ತಪ್ಪು ನಮ್ಮದು. ಆ ಜಾಹೀರಾತನ್ನು ನಾವು ಮೂರು ಸಂಚಿಕೆಗಳಲ್ಲಿ ಅಚ್ಚು ಹಾಕಿದೆವು. ಕಾಗದದ ಬೆಲೆ ಏರಿತ್ತು, ಹಣ ಬೇಕಿತ್ತು, ನಾನು ಕಣ್ಣು ಮುಚ್ಚಿಕೊಂಡೆ. ನಿಮ್ಮ ಪತ್ರ ಬಂದ ಮೇಲೆ ಅದನ್ನು ನಿಲ್ಲಿಸಿದ್ದೇವೆ. ಕಿಡ್ನಿಯನ್ನು ತೊಳೆದು ಶುದ್ಧಿ ಮಾಡುವ ಪುಡಿ ಜಗತ್ತಿನಲ್ಲಿ ಇಲ್ಲ. ಕಿಡ್ನಿಯ ಕೆಲಸವೇ ರಕ್ತ ಶುದ್ಧಿ ಮಾಡುವುದು, ಅದನ್ನು ಶುದ್ಧಿ ಮಾಡಲು ಇನ್ನೊಂದು ಯಾಕೆ? ಏನು ಬೆರೆಸಿದ್ದಾರೆಂದು ಗೊತ್ತಿಲ್ಲದ ಇಂಥ ಕೆಲವು ಪುಡಿ, ಭಸ್ಮಗಳಲ್ಲಿ ಸೀಸ, ಪಾದರಸ ಸಿಕ್ಕಿದ್ದುಂಟು. ಅವು ಅಳಿದುಳಿದ ಕಿಡ್ನಿಯನ್ನೂ ತಿಂದುಹಾಕುತ್ತವೆ. ದಯವಿಟ್ಟು ಕೊಡಬೇಡಿ. ಕಡ್ಡಿ ಹಿಡಿಸುವ ಯಂತ್ರದ ವಿಷಯವೂ ಅಷ್ಟೇ. ಅಂಗೈ ಹಿಡಿದು ಯಕೃತ್ತಿನ ಸ್ಥಿತಿ ಹೇಳುವ ಯಂತ್ರಕ್ಕೂ ಜಾತ್ರೆಯಲ್ಲಿ ಗಿಳಿ ಶಾಸ್ತ್ರ ಹೇಳುವವನಿಗೂ ವ್ಯತ್ಯಾಸವಿಲ್ಲ. ಗಿಳಿಯವನು ಕಡಿಮೆ ತೆಗೆದುಕೊಳ್ಳುತ್ತಾನೆ, ಅಷ್ಟೇ.

ಇನ್ನು ನಿಮ್ಮ ಮೊದಲ ಪ್ರಶ್ನೆ. ನಾನು ಡಾಕ್ಟರನಲ್ಲ, ಡಾಕ್ಟರರು ಬರೆದದ್ದನ್ನು ಬಹಳ ವರ್ಷ ತಿದ್ದಿದವನು. ಆದರೆ ಈ ಪ್ರಶ್ನೆಗೆ ಉತ್ತರ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ನಿಮ್ಮ ಅಂಗನವಾಡಿಯಲ್ಲಿ ಯಾವ ಮಗುವಿನ ಬಗ್ಗೆ ನಿಮಗೆ ಚಿಂತೆ? ಅಳುವ ಮಗುವಿನ ಬಗ್ಗೆಯೇ? ಅಲ್ಲ. ಮೂಲೆಯಲ್ಲಿ ಸುಮ್ಮನೆ ಕೂರುವ, ಕೊಟ್ಟರೆ ತಿನ್ನುವ, ಕೊಡದಿದ್ದರೆ ಕೇಳದ ಮಗು. ಅದು ಸೊರಗಿದೆ ಎಂದು ನೋಡಿದ ಕೂಡಲೇ ತಿಳಿಯುವುದಿಲ್ಲ. ತಕ್ಕಡಿಗೆ ಹಾಕಿದಾಗ, ತೋಳಿಗೆ ಪಟ್ಟಿ ಸುತ್ತಿ ಅಳೆದಾಗ ತಿಳಿಯುತ್ತದೆ. ಕಿಡ್ನಿ ಆ ಮಗು. ಯಕೃತ್ತೂ ಬಹುಮಟ್ಟಿಗೆ ಹಾಗೆಯೇ. ಹಲ್ಲು, ಕಿವಿ, ಸೊಂಟ ರಂಪ ಮಾಡಿ ಮಾತ್ರೆ ತರಿಸಿಕೊಳ್ಳುತ್ತವೆ. ಪ್ರಾಣ ಹಿಡಿದಿಟ್ಟ ಅಂಗಗಳು ಬಾಯಿ ಬಿಡುವುದಿಲ್ಲ.

ಒಂದೊಂದು ಕಿಡ್ನಿಯಲ್ಲಿ ಸುಮಾರು ಹತ್ತು ಲಕ್ಷ ಸೂಕ್ಷ್ಮ ಸೋಸುಕಗಳಿವೆ. ಎರಡೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಬೇಕಾದುದನ್ನೆಲ್ಲ ರಕ್ತಕ್ಕೆ ಮರಳಿಸಿ, ಒಂದೂವರೆ ಎರಡು ಲೀಟರನ್ನು ಮಾತ್ರ ಹೊರಗೆ ಬಿಡುತ್ತವೆ. ಸೋಸುಕಗಳು ಸಾವಿರ ಸಾಯಲಿ, ಲಕ್ಷ ಸಾಯಲಿ, ಉಳಿದವು ಅವುಗಳ ಪಾಲಿನ ಕೆಲಸವನ್ನೂ ಎಳೆಯುತ್ತವೆ. ಮನುಷ್ಯ ಹೊಲಕ್ಕೆ ಹೋಗುತ್ತಾನೆ, ಬರುತ್ತಾನೆ.

ನಮ್ಮ ತುಂಗಭದ್ರಾ ಜಲಾಶಯ ನೋಡಿ. ಕಟ್ಟಿದಾಗ ಅದರಲ್ಲಿ ಸುಮಾರು 133 ಟಿಎಂಸಿ ನೀರು ನಿಲ್ಲುತ್ತಿತ್ತು. ಹೂಳು ತುಂಬಿ ಈಗ ನಿಲ್ಲುವುದು 105ರ ಆಸುಪಾಸು. ಆಗಸ್ಟ್‌ನಲ್ಲಿ ಮುನಿರಾಬಾದಿಗೆ ಹೋಗಿ ನಿಂತರೆ ಯಾರಿಗಾದರೂ ಇದು ಕಾಣುತ್ತದೆಯೇ? ನೀರು ಅಂಚಿನವರೆಗೆ ತುಂಬಿರುತ್ತದೆ, ಜನ ಫೋಟೊ ತೆಗೆಸಿಕೊಳ್ಳುತ್ತಾರೆ. ಹೂಳು ಗೊತ್ತಾದದ್ದು ಅಳತೆ ಮಾಡಿದವರಿಗೆ, ಆಮೇಲೆ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರಿಗೆ. ಕ್ರಿಯಾಟಿನಿನ್ ಎಂದರೆ ಮಾಂಸಖಂಡದಿಂದ ಬರುವ, ಕಿಡ್ನಿ ಹೊರಹಾಕಬೇಕಾದ ಕಸ. ರಕ್ತದಲ್ಲಿ ಅದರ ಅಂಕಿಯ ಕಥೆಯೂ ಹೀಗೆಯೇ. ಸೋಸುವ ಶಕ್ತಿ ಅರ್ಧದಷ್ಟು ಹೋಗುವವರೆಗೂ ಅದು 'ನಾರ್ಮಲ್' ಎಂದೇ ತೋರಿಸಬಹುದು. ಮೈಯಲ್ಲಿ ಮಾಂಸವಿಲ್ಲದ ಮುದುಕಿಯರಲ್ಲಿ ಈ ಮೋಸ ಇನ್ನೂ ಹೆಚ್ಚು. ಆದ್ದರಿಂದ ಅದೇ ವರದಿಯಲ್ಲಿ ವಯಸ್ಸಿನ ಲೆಕ್ಕ ಹಾಕಿ ಸೋಸುವ ಶಕ್ತಿಯನ್ನು ಅಂದಾಜು ಮಾಡಿ ಕೊಡುವ ಇಜಿಎಫ್‌ಆರ್ ಎಂಬ ಅಂಕಿಯನ್ನು ನೋಡಬೇಕು. ಅದು ಮೂರು ತಿಂಗಳ ಮೇಲೂ 60ಕ್ಕಿಂತ ಕೆಳಗಿದ್ದರೆ ಕಿಡ್ನಿ ಕಾಯಿಲೆ ಇದೆ ಎಂದೇ ಅರ್ಥ. 15ಕ್ಕಿಂತ ಕೆಳಗೆ ಇಳಿದರೆ ನಿಮ್ಮ ಅಣ್ಣ ನಿಂತಿರುವ ಜಾಗ.

ಇದಕ್ಕೂ ಮೊದಲೇ ಸುಳಿವು ಕೊಡುವುದು ಮೂತ್ರ. ಸೋಸುಕ ತೂತು ಬಿದ್ದಾಗ ಆಲ್ಬುಮಿನ್ ಎಂಬ ಪ್ರೋಟೀನು ಸೋರತೊಡಗುತ್ತದೆ. ಸೋರಿಕೆ ಹೆಚ್ಚಾದರೆ ಮೂತ್ರದಲ್ಲಿ ನೊರೆ ಬಂದು, ನೀರು ಹಾಕಿದರೂ ಬೇಗ ಹೋಗುವುದಿಲ್ಲ. ರಾತ್ರಿ ಮೇಲಿಂದ ಮೇಲೆ ಏಳುವುದು, ಬೆಳಿಗ್ಗೆ ಕಣ್ಣಿನ ಸುತ್ತ ಬಾವು, ಸಂಜೆ ಪಾದದಲ್ಲಿ ಊತ, ಕಾರಣವಿಲ್ಲದ ಸುಸ್ತು, ತುರಿಕೆ, ಊಟ ಸೇರದಿರುವುದು ಇವೆಲ್ಲ ಆಮೇಲಿನವು. ವಾಂತಿಯಂತೂ ಬಹಳ ತಡ.

ಹಾಗಾದರೆ ಹೂಳು ತುಂಬಿದ್ದು ಯಾರು? ನಿಮ್ಮ ಪತ್ರದಲ್ಲೇ ಇಬ್ಬರಿದ್ದಾರೆ. ಒಬ್ಬ ಬಿಪಿ. ಇವನೂ ಮಾತನಾಡುವವನಲ್ಲ. "ಆರಾಮ ಇದ್ದೇನೆ" ಎಂದು ಮಾತ್ರೆ ಬಿಟ್ಟರಲ್ಲ, ಆರಾಮ ಇದ್ದದ್ದು ಮಾತ್ರೆಯಿಂದ. ಮೇಲಿನ ಅಂಕಿ 140 ಅಥವಾ ಕೆಳಗಿನದು 90 ಮುಟ್ಟಿ ಅಲ್ಲೇ ನಿಂತರೆ ಕಿಡ್ನಿ, ಹೃದಯ, ಮೆದುಳು ಮೂರರ ರಕ್ತನಾಳಗಳೂ ಒಟ್ಟಿಗೆ ಸವೆಯುತ್ತವೆ. ಸಕ್ಕರೆ ಕಾಯಿಲೆಯೂ ಜೊತೆಗೂಡಿದರೆ ಕೇಳುವುದೇ ಬೇಡ. ನಿಮ್ಮ ಮನೆಯಲ್ಲಿ ಅದಿಲ್ಲ ಎಂದು ಬರೆದಿದ್ದೀರಿ. ಪರೀಕ್ಷೆ ಮಾಡಿಸಿ ಬರೆದಿರೋ, ಹಾಗೆಯೇ ಬರೆದಿರೋ?

ಎರಡನೆಯವನು ಸೊಂಟದ ಮಾತ್ರೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ನಮ್ಮ ಕಡೆ ನಾಟಿ ಹಚ್ಚುವವರು, ಹತ್ತಿ ಬಿಡಿಸುವವರು, ಅಕ್ಕಿ ಗಿರಣಿಯಲ್ಲಿ ಚೀಲ ಹೊರುವವರು ಊಟ ಬಿಟ್ಟರೂ ನೋವಿನ ಮಾತ್ರೆ ಬಿಡುವುದಿಲ್ಲ. ಅಂಗಡಿಯವನು ಚೀಟಿ ಕೇಳುವುದಿಲ್ಲ, ಇವರೂ ಹೆಸರು ಕೇಳುವುದಿಲ್ಲ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೇನ್, ನಿಮೆಸುಲೈಡ್, ಇವೆಲ್ಲ ಒಂದೇ ಮನೆತನದವು.

ಡೈಕ್ಲೋಫೆನಾಕ್ ಬಗ್ಗೆ ಒಂದು ಹಳೆಯ ಸಂಗತಿ ಹೇಳುತ್ತೇನೆ. 1990ರ ದಶಕದಲ್ಲಿ ನಮ್ಮ ದೇಶದ ರಣಹದ್ದುಗಳು ಗುಂಪು ಗುಂಪಾಗಿ ಸಾಯತೊಡಗಿದವು. ಯಾವುದೋ ರೋಗವೆಂದು ಹುಡುಕಿದರು. 2004ರ ಹೊತ್ತಿಗೆ ಕಾರಣ ಗೊತ್ತಾಯಿತು. ಎತ್ತು ಎಮ್ಮೆಗಳಿಗೆ ನೋವಿಗೆಂದು ಕೊಟ್ಟ ಡೈಕ್ಲೋಫೆನಾಕ್ ಅವುಗಳ ಹೆಣದಲ್ಲಿ ಉಳಿದು, ಅದನ್ನು ತಿಂದ ಹದ್ದುಗಳ ಕಿಡ್ನಿ ಕೆಟ್ಟು ಅವು ಸತ್ತಿದ್ದವು. 2006ರಲ್ಲಿ ದನಕರುಗಳಿಗೆ ಆ ಔಷಧವನ್ನು ನಿಷೇಧಿಸಿದರು. ಮನುಷ್ಯರ ಇಂಜೆಕ್ಷನ್ನಿನ ದೊಡ್ಡ ಸೀಸೆ ದನಗಳಿಗೆ ಹೋಗುತ್ತಿದೆ ಎಂದು 2015ರಲ್ಲಿ ಸೀಸೆಯನ್ನೂ 3 ಮಿಲಿ ಲೀಟರಿಗೆ ಇಳಿಸಿದರು. ಮನುಷ್ಯನ ಕಿಡ್ನಿ ಹದ್ದಿನದಷ್ಟು ಸೂಕ್ಷ್ಮವಲ್ಲ, ನಾಲ್ಕು ಮಾತ್ರೆಗೆ ಯಾರೂ ಸಾಯುವುದಿಲ್ಲ. ಆದರೂ ಹದ್ದಿಗೆ ಸಿಕ್ಕ ಕಾಳಜಿಯಲ್ಲಿ ಕಾಲು ಭಾಗ ನಮ್ಮ ಕೂಲಿಕಾರರಿಗೆ ಸಿಕ್ಕಿದ್ದರೆ ಎಂದು ನನಗೆ ಅನ್ನಿಸುವುದುಂಟು.

ಈ ಮಾತ್ರೆ ಕಿಡ್ನಿಗೆ ರಕ್ತ ಹೋಗುವ ದಾರಿಯನ್ನು ಕಿರಿದು ಮಾಡುತ್ತದೆ. ಮೈಯಲ್ಲಿ ನೀರು ಸಾಕಷ್ಟಿದ್ದಾಗ ಹೇಗೋ ನಡೆಯುತ್ತದೆ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿನಲ್ಲಿ, 40 ಡಿಗ್ರಿ ದಾಟಿದಾಗ, ಬೆಳಗಿನಿಂದ ಎರಡು ಚೊಂಬು ನೀರೂ ಕುಡಿಯದೆ ದುಡಿದವನಿಗೆ ಮೊದಲೇ ರಕ್ತದ ಹರಿವು ಇಳಿದಿರುತ್ತದೆ. ಅದರ ಮೇಲೆ ಮಾತ್ರೆ ಬಿದ್ದರೆ ತೂಬು ಪೂರ್ತಿ ಮುಚ್ಚಿದಂತೆ. ವಾಂತಿ ಭೇದಿ ಆದಾಗಲೂ ಇದೇ ಅಪಾಯ. ಆಗ ಕೆಲವು ಬಿಪಿ, ಸಕ್ಕರೆ ಮಾತ್ರೆಗಳನ್ನೂ ಕೆಲ ದಿನ ನಿಲ್ಲಿಸಬೇಕಾಗಬಹುದು. ಯಾವುದನ್ನು ಎಂದು ಡಾಕ್ಟರನ್ನೇ ಕೇಳಬೇಕು, ನೀವೇ ನಿಲ್ಲಿಸಬಾರದು.

ಸೊಂಟ, ಮಂಡಿ ಹಿಡಿದುಕೊಳ್ಳುವ ನೋವು ಒಂದು ಓಣಿಯಲ್ಲಿ ಬಹಳ ಜನಕ್ಕಿದ್ದರೆ ಕುಡಿಯುವ ನೀರನ್ನೂ ಅನುಮಾನಿಸಿ. ರಾಯಚೂರು, ಕೊಪ್ಪಳ ಜಿಲ್ಲೆಗಳ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಕೀಲುಗಳು ಬಿಗಿಯುತ್ತವೆ. ನೀರು ಬದಲಿಸಬೇಕಾದ ನೋವಿಗೆ ನಾವು ಮಾತ್ರೆ ನುಂಗುತ್ತಿರುತ್ತೇವೆ. ತಾತ್ಕಾಲಿಕ ನೋವಿಗೆ ಪ್ಯಾರಾಸಿಟಮಾಲ್ ಕಿಡ್ನಿಯ ಮಟ್ಟಿಗೆ ವಾಸಿ. ಆದರೆ ದಿನಕ್ಕೆ 4 ಗ್ರಾಂ ಮೀರಿದರೆ, ಅಥವಾ ಕುಡಿತದ ಜೊತೆ ಸೇರಿದರೆ, ಅದು ಯಕೃತ್ತನ್ನು ಹಾಳು ಮಾಡುತ್ತದೆ. 650ರ ಮಾತ್ರೆ ಆರು ನುಂಗಿದರೆ ಆ ಗಡಿ ಬಂದೇ ಬಿಟ್ಟಿತು.

ಯಕೃತ್ತಿನ ವಿಷಯ ಹೆಚ್ಚು ಬೆಳೆಸುವುದಿಲ್ಲ. ಕುಡಿತ, ಬೊಜ್ಜು, ಹೆಪಟೈಟಿಸ್ ಬಿ ಮತ್ತು ಸಿ ಇವೇ ಅದರ ಶತ್ರುಗಳು. ಬಿ ಗೆ ಲಸಿಕೆ ಇದೆ, ಹುಟ್ಟಿದ ಮಗುವಿಗೆ 24 ಗಂಟೆಯೊಳಗೆ ಹಾಕಿಸುವುದು ನಿಮಗೆ ಗೊತ್ತೇ ಇದೆ. ಕಾಮಾಲೆಗೆ ಸೊಪ್ಪಿನ ರಸ ಕುಡಿಸುತ್ತಾ ಹದಿನೈದು ದಿನ ಕಳೆಯುವ ಪದ್ಧತಿ ನಿಮ್ಮ ಊರಲ್ಲಿದ್ದರೆ, ಮೊದಲು ರಕ್ತ ಪರೀಕ್ಷೆ ಆಗಲಿ ಎಂದು ಜಗಳವಾಡಿಯಾದರೂ ಹೇಳಿ. ಭತ್ತದ ಗದ್ದೆಯವರಾದ್ದರಿಂದ ಇನ್ನೊಂದು ಮಾತು: ಕೊಳಕುಮಂಡಲ ಕಚ್ಚಿದರೆ ಅದರ ವಿಷವೂ ಕಿಡ್ನಿಯನ್ನು ಹಿಡಿಯುತ್ತದೆ. ಮಂತ್ರ ಹಾಕಿಸುವಷ್ಟರಲ್ಲಿ ಮೂತ್ರ ನಿಂತಿರುತ್ತದೆ, ಸೀದಾ ಆಸ್ಪತ್ರೆಗೇ ಹೋಗಬೇಕು.

ಹೂಳಿನ ಕಥೆ ನಿಧಾನದ್ದು. 2024ರ ಆಗಸ್ಟ್ 10ರ ರಾತ್ರಿ ಅದೇ ಜಲಾಶಯದ 19ನೇ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತಲ್ಲ, ಹೃದಯಾಘಾತ, ಪಾರ್ಶ್ವವಾಯು ಅಂಥವು. ಅಲ್ಲಿ ನಿಮಿಷದ ಲೆಕ್ಕ. ಎದೆಯ ಮೇಲೆ ಗುಂಡುಕಲ್ಲು ಇಟ್ಟಂಥ ಒತ್ತಡ, ಎಡತೋಳಿಗೋ ದವಡೆಗೋ ಬೆನ್ನಿಗೋ ಹರಡುವ ನೋವು, ತಣ್ಣನೆಯ ಬೆವರು ಕಂಡರೆ ನಮ್ಮವರು ಮೊದಲು ಮಾಡುವುದು "ಗ್ಯಾಸ್ ಆಗಿದೆ, ಮಿರ್ಚಿ ತಿಂದದ್ದು ಹೆಚ್ಚಾಯಿತು" ಎಂದು ಸೋಡಾ ಕುಡಿಸುವುದು. ಒಗ್ಗರಣೆ ಮಿರ್ಚಿ ನಮ್ಮ ಪ್ರಾಣ, ಒಪ್ಪುತ್ತೇನೆ, ಆದರೆ ಅದರ ತಲೆಗೆ ಇಷ್ಟು ಸಾವುಗಳನ್ನು ಕಟ್ಟಬಾರದು. ಸಕ್ಕರೆ ಕಾಯಿಲೆಯವರಿಗೆ, ಹೆಂಗಸರಿಗೆ ಎದೆನೋವೇ ಇಲ್ಲದೆ ಬರೀ ಉಬ್ಬಸ, ಬೆವರು, ಸುಸ್ತು ಇರಬಹುದು. 108ಕ್ಕೆ ಕರೆ ಮಾಡಿ, ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ರಾಜ್ಯದ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲೇ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುತ್ತಾರೆ. ಬಾಯಿ ಸೊಟ್ಟಗಾದರೆ, ಒಂದು ಕೈ ಎತ್ತಲು ಬಾರದಿದ್ದರೆ, ಮಾತು ತೊದಲಿದರೆ ಪಾರ್ಶ್ವವಾಯು. ಅದಕ್ಕೆ ಹೆಪ್ಪು ಕರಗಿಸುವ ಮದ್ದು ಕೆಲಸ ಮಾಡುವುದು ನಾಲ್ಕೂವರೆ ಗಂಟೆಯೊಳಗೆ. ಎಣ್ಣೆ ತಿಕ್ಕಿಸಲು ಬೇರೆ ಊರಿಗೆ ಹೊರಟರೆ ಆ ಹೊತ್ತು ದಾರಿಯಲ್ಲೇ ಮುಗಿಯುತ್ತದೆ.

ಮನೆಯ ಉಳಿದವರಿಗೆ ದೊಡ್ಡ ಪ್ಯಾಕೇಜು ಬೇಡ. ಬಿಪಿ, ಸಕ್ಕರೆ, ಮೂತ್ರದ ಆಲ್ಬುಮಿನ್, ರಕ್ತದ ಕ್ರಿಯಾಟಿನಿನ್ ಇಷ್ಟನ್ನು ವರ್ಷಕ್ಕೊಮ್ಮೆ ಸರ್ಕಾರಿ ಆಸ್ಪತ್ರೆಯಲ್ಲಿ ಮಾಡಿಸಿ. ನಿಮ್ಮ ಅಣ್ಣನ ಮಕ್ಕಳು ದೊಡ್ಡವರಾಗಿದ್ದರೆ ಅವರಿಗೂ. ಉಪ್ಪು ಒಬ್ಬರಿಗೆ ದಿನಕ್ಕೆ ಒಂದು ಚಹಾ ಚಮಚ, ಅಂದರೆ 5 ಗ್ರಾಂ ದಾಟಬಾರದು ಎನ್ನುತ್ತಾರೆ. ಆ ಲೆಕ್ಕದಲ್ಲಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯದೂ ಸೇರಿದೆ.

ಅಣ್ಣನ ವಿಷಯದಲ್ಲಿ ಒಂದು ಎಚ್ಚರ. ನೋಡಲು ಬರುವ ಬೀಗರೆಲ್ಲ ಎಳನೀರು, ಬಾಳೆಹಣ್ಣು ತರುತ್ತಾರೆ. ಅವೆರಡರಲ್ಲೂ ಪೊಟ್ಯಾಸಿಯಂ ಹೆಚ್ಚು. ಕಿಡ್ನಿ ಕೆಟ್ಟವರಲ್ಲಿ ಅದು ಹೊರಗೆ ಹೋಗದೆ ಹೃದಯವನ್ನೇ ನಿಲ್ಲಿಸಬಹುದು. "ನೀರು ಹೆಚ್ಚು ಕುಡಿಸಿರಿ" ಎಂಬ ಸಲಹೆಯೂ ಡಯಾಲಿಸಿಸ್‌ನಲ್ಲಿರುವವರಿಗೆ ತಿರುಗುಬಾಣ. ಅವರಿಗೆ ನೀರೂ ಅಳತೆಯಲ್ಲೇ. ಬಂದವರ ಎಳನೀರನ್ನು ಮಕ್ಕಳಿಗೆ ಕುಡಿಸಿ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ವಾರದ ಎರಡು ಸರದಿಯಲ್ಲಿ ಒಂದನ್ನೂ ತಪ್ಪಿಸಬೇಡಿ. ಭತ್ತದ ಕೊಯ್ಲು ಇದ್ದರೂ ಸರಿ.

ಕಿಡ್ನಿ ಕೊಡುವ ಮಾತು. ಒಡಹುಟ್ಟಿದವರು ಕೊಡಲು 1994ರ ಅಂಗಾಂಗ ಕಸಿ ಕಾನೂನಿನಲ್ಲಿ ಅವಕಾಶವಿದೆ. ಆರೋಗ್ಯವಾಗಿರುವವರು ಒಂದೇ ಕಿಡ್ನಿಯಲ್ಲಿ ಬದುಕಬಲ್ಲರು. ಆದರೆ ರಕ್ತದ ಗುಂಪು, ಅಂಗಾಂಶ ಹೊಂದಬೇಕು. ಅದಕ್ಕೂ ಮೊದಲು ಕೊಡುವವರ ಕಿಡ್ನಿ ಪೂರ್ತಿ ಗಟ್ಟಿಯಾಗಿರಬೇಕು. ಅಣ್ಣನಿಗೆ ನಲವತ್ತೊಂದಕ್ಕೇ ಬಿಪಿ ಕಾಣಿಸಿಕೊಂಡ ಮನೆತನ ನಿಮ್ಮದು. ನಾಲ್ಕು ಪುಟದ ಪತ್ರದಲ್ಲಿ ಊರಿನ ಗರ್ಭಿಣಿಯರ ಬಿಪಿಯನ್ನು ಆಶಾ ಕಾರ್ಯಕರ್ತೆಯ ಜೊತೆ ಹೇಗೆ ಬರೆದಿಡುತ್ತೀರಿ ಎಂದು ಹೇಳಿದ್ದೀರಿ. ನಿಮ್ಮದು ಎಷ್ಟು ಎಂದು ಎಲ್ಲೂ ಇಲ್ಲ. ಮುಂದಿನ ಸಲ ಅವರ ಯಂತ್ರ ಬಂದಾಗ ನಿಮ್ಮ ತೋಳಿಗೂ ಕಟ್ಟಿಸಿಕೊಳ್ಳಿ. ಎರಡೂ ಅಂಕಿಗಳನ್ನು ಒಂದು ಕಾರ್ಡಿನಲ್ಲಿ ಬರೆದು ನನಗೆ ಕಳಿಸಿ.