ಬೀಡ್ ಮಿಲ್ಲಿನಲ್ಲಿ ಅಲ್ಯೂಮಿನಾ ಬೀಡುಗಳು ಒಡೆಯುತ್ತಿವೆ, ಇನ್ನೂ ಗಟ್ಟಿಯಾದದ್ದು ತರಿಸಲೇ?

ಸದ್ಯಕ್ಕೆ ಬೇಡ. ಬೀಡ್ ಮಿಲ್ ಎಂದರೆ ಸಣ್ಣ ಗುಂಡುಗಳನ್ನು (ಬೀಡು) ತಿರುಗಿಸಿ ಕಣಗಳನ್ನು ನುಣ್ಣಗೆ ಅರೆಯುವ ಯಂತ್ರ. ಅದರಲ್ಲಿ 95 ಶೇಕಡಾ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್ ಸೆರಾಮಿಕ್) ಬೀಡುಗಳು ಚೂರಾಗಿ, ಬೀಡು ಹೊರಹೋಗದಂತೆ ತಡೆಯುವ ಸ್ಕ್ರೀನಿಗೆ ಸಿಕ್ಕಿಕೊಳ್ಳುತ್ತಿವೆ, ಮಾರುವವರು 99 ಶೇಕಡಾದ್ದು ಹಾಕಿ ಎನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ಅದರ ಹಾರ್ಡ್‌ನೆಸ್ ಹೆಚ್ಚು, ನಿಜ. ಸವೆತವೂ ಕಡಿಮೆಯಾದೀತು. ಆದರೆ ನಿಮ್ಮ ತೊಂದರೆ ಸವೆತದ್ದಲ್ಲವಲ್ಲ.

ಸೆರಾಮಿಕ್ ಒಡೆಯುವುದು ಒಳಗೆ ಉಳಿದ ಸಣ್ಣ ರಂಧ್ರದಿಂದಲೋ ಕಣ್ಣಿಗೆ ಕಾಣದ ಬಿರುಕಿನಿಂದಲೋ. ಆ ಬಿರುಕನ್ನು ಮುಂದೆ ಹೋಗದಂತೆ ತಡೆಯುವ ಗುಣಕ್ಕೆ ಫ್ರ್ಯಾಕ್ಚರ್ ಟಫ್‌ನೆಸ್ ಎನ್ನುತ್ತಾರೆ. ನೀವು ನೋಡಬೇಕಾದ ಅಂಕಿ ಅದು. ಮೆಗಾಪಾಸ್ಕಲ್ ರೂಟ್ ಮೀಟರ್ ಲೆಕ್ಕದಲ್ಲಿ ಅಲ್ಯೂಮಿನಾಕ್ಕೆ ಅದು ಸುಮಾರು 3ರಿಂದ 4. ಶುದ್ಧತೆ ಏರಿಸಿದ ಮಾತ್ರಕ್ಕೆ ಹೆಚ್ಚೇನೂ ಏರುವುದಿಲ್ಲ. ಜಿರ್ಕೋನಿಯಾ ಎಂಬ ಇನ್ನೊಂದು ಸೆರಾಮಿಕ್ ಇದೆ; ಇಟ್ರಿಯಾ ಎಂಬ ಆಕ್ಸೈಡ್ ಸೇರಿಸಿದ ಜಿರ್ಕೋನಿಯಾಕ್ಕೆ ಸಾಮಾನ್ಯವಾಗಿ 6ರಿಂದ 10. ಹಾರ್ಡ್‌ನೆಸ್‌ನಲ್ಲಿ ಇದು ಒಳ್ಳೆಯ ಅಲ್ಯೂಮಿನಾಕ್ಕಿಂತ ಕೆಳಗೇ ಇದೆ, ಆದರೂ ಒಡೆಯುವುದು ಕಡಿಮೆ. ಬಿರುಕಿನ ತುದಿ ತಲುಪಿದ ಕಡೆ ಜಿರ್ಕೋನಿಯಾದ ಹರಳುಗಳು ರೂಪ ಬದಲಿಸಿ ಶೇಕಡಾ 4ರಿಂದ 5ರಷ್ಟು ಹಿಗ್ಗುತ್ತವೆ, ಆ ಒತ್ತಡಕ್ಕೆ ಬಿರುಕು ಮುಚ್ಚಿಕೊಳ್ಳುತ್ತದೆ. 1975ರಲ್ಲಿ ಆಸ್ಟ್ರೇಲಿಯಾದ ಗಾರ್ವಿ ಮತ್ತು ಸಂಗಡಿಗರು ಇದನ್ನು ಪ್ರಕಟಿಸಿದ ಮೇಲೇ ಜಿರ್ಕೋನಿಯಾಕ್ಕೆ ಇಷ್ಟು ಬೆಲೆ ಬಂದದ್ದು.

ಹಾಗಂತ ನಾಳೆಯೇ ಜಿರ್ಕೋನಿಯಾ ತರಿಸಿಬಿಡಬೇಡಿ. ಮೊದಲು ಸ್ಕ್ರೀನಿನಲ್ಲಿ ಸಿಕ್ಕ ಚೂರುಗಳನ್ನು ತೊಳೆದು ಲೆನ್ಸ್ ಹಿಡಿದು ನೋಡಿ. ನನ್ನ ಮಟ್ಟಿಗೆ ಕ್ಯಾಟಲಾಗ್‌ಗಿಂತ ಇದು ಹೆಚ್ಚು ಹೇಳುತ್ತದೆ. ಸರಿಯಾಗಿ ಎರಡು ಹೋಳಾಗಿ, ಒಡೆದ ಮುಖದಲ್ಲಿ ಗುಳಿ ಕಂಡರೆ ತಯಾರಿಕೆಯಲ್ಲೇ ದೋಷವಿದೆ. ಈರುಳ್ಳಿಯ ಹಾಗೆ ಪದರ ಪದರವಾಗಿ ಸುಲಿದಿದ್ದರೂ ಅಷ್ಟೇ; ಪುಡಿಯನ್ನು ಉರುಳಿಸಿ ಗುಂಡು ಮಾಡುವಾಗ ಪದರಗಳು ಸರಿಯಾಗಿ ಕೂಡಿಲ್ಲ. ಬೀಡುಗಳಿಗೆ ಚಪ್ಪಟೆ ಮುಖ ಬಂದಿದ್ದರೆ ಅವು ಔಟ್‌ಲೆಟ್ ಕಡೆ ಒತ್ತೊತ್ತಾಗಿ ಸೇರಿಕೊಂಡು ಒಂದನ್ನೊಂದು ಉಜ್ಜಿವೆ. ಸ್ಲರಿ (ಅರೆಯಲು ಹಾಕಿದ ಪುಡಿ-ದ್ರವದ ಮಿಶ್ರಣ) ತೀರಾ ಮಂದವಾಗಿದೆ, ಇಲ್ಲವೇ ಪಂಪಿನ ವೇಗ ಜಾಸ್ತಿಯಾಗಿದೆ. ಇಂಥ ಕಡೆ ಎಂಥ ಬೀಡು ಹಾಕಿದರೂ ಉಳಿಯುವುದಿಲ್ಲ. ಇನ್ನು ಚೂಪಾದ, ಅಡ್ಡಾದಿಡ್ಡಿ ಚೂರುಗಳು ಮಿಲ್ ಶುರು ಮಾಡಿದ ಸ್ವಲ್ಪ ಹೊತ್ತಿಗೇ ಸಿಗುವುದಾದರೆ, ಚೇಂಬರಿಗೆ ಸ್ಲರಿ ತುಂಬುವ ಮೊದಲೇ ಯಾರೋ ಸ್ವಿಚ್ ಹಾಕುತ್ತಿದ್ದಾರಾ ಎಂದು ವಿಚಾರಿಸಿ.

ಖರ್ಚಿಲ್ಲದ ದಾರಿಯೂ ಇದೆ. ಬೀಡು ಬೀಡಿಗೆ ಬಡಿಯುವ ಶಕ್ತಿ ವ್ಯಾಸದ ಘನ, ಸಾಂದ್ರತೆ ಮತ್ತು ವೇಗದ ವರ್ಗ, ಈ ಮೂರರ ಗುಣಲಬ್ಧಕ್ಕೆ ತಕ್ಕಂತೆ ಏರಿಳಿಯುತ್ತದೆ. ಟಿಪ್ ಸ್ಪೀಡನ್ನು, ಅಂದರೆ ಒಳಗೆ ತಿರುಗುವ ಭಾಗದ ಅಂಚಿನ ವೇಗವನ್ನು, ಸೆಕೆಂಡಿಗೆ 12 ಮೀಟರಿನಿಂದ 10ಕ್ಕೆ ಇಳಿಸಿದರೆ ಬಡಿತ ಸುಮಾರು 30 ಶೇಕಡಾ ತಗ್ಗುತ್ತದೆ. 1.5 ಮಿ.ಮೀ. ಬೀಡಿನ ಬದಲು 1 ಮಿ.ಮೀ. ಹಾಕಿದರೆ ಮೂರನೇ ಒಂದಕ್ಕಿಂತ ಕಡಿಮೆ. ಬೀಡುಗಳ ಸಂಖ್ಯೆ ಮಾತ್ರ ಮೂರು ಪಟ್ಟು ದಾಟುವುದರಿಂದ ಒಳಗೆ ಹೋಗುವ ಕಣ ಮೊದಲೇ ಸಣ್ಣದಿದ್ದರೆ ಅರೆತ ಕೆಡುವುದಿಲ್ಲ. ಸ್ಕ್ರೀನಿನ ಸಂದು ಹೊಸ ಬೀಡಿಗೆ ಹೊಂದುತ್ತದೆಯೇ ನೋಡಿಕೊಳ್ಳಿ, ಬೀಡಿನ ವ್ಯಾಸದ ಮೂರನೇ ಒಂದರಷ್ಟಿದ್ದರೆ ನಿಶ್ಚಿಂತೆ.

ಇಷ್ಟಾದರೂ ಒಡೆದರೆ ಆಗ ಜಿರ್ಕೋನಿಯಾ. ಅದರ ಸಾಂದ್ರತೆ 6, ಅಲ್ಯೂಮಿನಾದ್ದು 3.6ರ ಆಸುಪಾಸು. ಮೋಟರಿಗೆ ಹೊರೆ ಬೀಳುತ್ತದೆ, ಅಷ್ಟೇ ವೇಗದಲ್ಲಿ ಬಡಿತವೂ ಜೋರಾಗುತ್ತದೆ, ಆದ್ದರಿಂದ ಕಡಿಮೆ ವೇಗದಲ್ಲಿ ಶುರು ಮಾಡಿ, ಮೋಟರಿನ ಆಂಪಿಯರ್ ನೋಡುತ್ತಾ ವೇಗ ಏರಿಸಿ. ಅಷ್ಟು ಭಾರ ಬೇಡವೆಂದರೆ ಜಿರ್ಕೋನಿಯಾ ಬೆರೆಸಿದ ಅಲ್ಯೂಮಿನಾ ನಡುವಿನ ದಾರಿ. ಸ್ಲರಿ ನೀರಿನದ್ದಾಗಿದ್ದು ತುಂಬಾ ಬಿಸಿಯಾಗುತ್ತಿದ್ದರೆ ಇಟ್ರಿಯಾದ ಬದಲು ಸೀರಿಯಾ ಎಂಬ ಇನ್ನೊಂದು ಆಕ್ಸೈಡ್ ಸೇರಿಸಿದ ಜಿರ್ಕೋನಿಯಾ ಕೇಳಿ. ಬಿಸಿ ತೇವದಲ್ಲಿ ಇಟ್ರಿಯಾ ಜಿರ್ಕೋನಿಯಾದ ಹರಳುಗಳು ಮೇಲ್ಮೈಯಲ್ಲಿ ತಾವಾಗಿಯೇ ರೂಪ ಬದಲಿಸಿ ಬೀಡು ದುರ್ಬಲವಾಗುತ್ತದೆ. ಸೀರಿಯಾದ್ದಕ್ಕೆ ಈ ಕಾಟ ಬಹಳ ಕಡಿಮೆ.

ಮಾರುವವರ ಸರ್ಟಿಫಿಕೇಟಿನಲ್ಲಿ ಸರಾಸರಿ ಕ್ರಶಿಂಗ್ ಸ್ಟ್ರೆಂತ್ (ಒತ್ತಿದಾಗ ಬೀಡು ಒಡೆಯುವ ಬಲ) ಒಂದನ್ನೇ ತೋರಿಸಿದರೆ ಒಪ್ಪಬೇಡಿ, ಅತಿ ಕಡಿಮೆ ಬಂದದ್ದೆಷ್ಟು ಎಂದು ಕೇಳಿ. ಒಂದು ಲೀಟರ್ ಜಾಗದಲ್ಲಿ 1 ಮಿ.ಮೀ. ಬೀಡುಗಳು ಸುಮಾರು 11 ಲಕ್ಷ ಹಿಡಿಯುತ್ತವೆ. ಹತ್ತು ಸಾವಿರಕ್ಕೊಂದು ಟೊಳ್ಳಿದ್ದರೂ ಲೀಟರಿಗೆ ನೂರಕ್ಕೂ ಹೆಚ್ಚು ಒಡೆದು, ಆ ಚೂರುಗಳು ಉಳಿದವನ್ನೂ ಸ್ಕ್ರೀನನ್ನೂ ಗೀರುತ್ತವೆ. ಸ್ಯಾಂಪಲ್ ತರಿಸಿ, ಸಣ್ಣ ಮಿಲ್ಲಿನಲ್ಲಿ ಬರೀ ನೀರು ಹಾಕಿ ಕೆಲವು ಗಂಟೆ ತಿರುಗಿಸಿ. ಮೊದಲೂ ಆಮೇಲೂ ತೂಗಿ, ಜರಡಿ ಹಿಡಿದು ಚೂರು ಎಣಿಸಿ. ಹೊಸದನ್ನು ತುಂಬುವಾಗ ಹಳೆಯ ಅಲ್ಯೂಮಿನಾ ಒಂದೂ ಉಳಿಯದಂತೆ ಚೇಂಬರ್ ತೊಳೆಯಿರಿ, ಎರಡನ್ನೂ ಬೆರೆಸಿದರೆ ಸವೆತ ವಿಪರೀತವಾಗುತ್ತದೆ.